ಏಕವಚನದ ವ್ರತ: ಇಂಗ್ಲಿಷ್ ವ್ಯಾಕರಣ ಮತ್ತು ಸತ್ಯದ ಪ್ರಶ್ನೆ

ಬರವಣಿಗೆಯಲ್ಲಿ ವ್ಯಾಕರಣ ತಪ್ಪುವುದು ಕೇವಲ ಕಲಿಕೆಯ ಕೊರತೆಯೋ ಅಥವಾ ಅದರಲ್ಲಿ ನೀತಿಗೆ ಸಂಬಂಧಿಸಿದ ದೋಷವೂ ಅಡಗಿದೆಯೋ ಎಂಬ ಪ್ರಶ್ನೆ ಮೊದಲ ನೋಟಕ್ಕೆ ಅತಿಯಾಯಿತೆಂದು ತೋರಬಹುದು. ಭಾಷೆಯ ನಿಯಮಗಳು ಜನರ ರೂಢಿಯಿಂದ ಹುಟ್ಟಿದವಾದ್ದರಿಂದ, ಅವುಗಳನ್ನು ಮೀರಿದವನು ಸಭ್ಯತೆಯ ಒಂದು ಕಟ್ಟಳೆಯನ್ನು ಮುರಿದಿರಬಹುದೇ ಹೊರತು ಅಧರ್ಮವನ್ನೇನೂ ಮಾಡಿಲ್ಲ ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಬರೆದ ಮಾತನ್ನು ನಂಬಿ ಓದುಗನು ಹಣ ಕೊಡುತ್ತಾನೆ, ಔಷಧಿ ನುಂಗುತ್ತಾನೆ, ಕರಾರಿಗೆ ಸಹಿ ಹಾಕುತ್ತಾನೆ. ಆ ಮಾತು ಎರಡು ಅರ್ಥಕ್ಕೆ ಎಡೆಗೊಟ್ಟಾಗ ನಷ್ಟ ಅನುಭವಿಸುವವನು ಬಹುಮಟ್ಟಿಗೆ ಬರೆದವನಲ್ಲ, ಓದಿದವನು. ಹೀಗಾಗಿ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಅದನ್ನು ವಿಚಾರಿಸುವಾಗ ಎರಡು ಗುಣಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳುವುದು ಅವಶ್ಯಕ: ಒಂದು ಶುದ್ಧಿ, ಎಂದರೆ ಪದರೂಪ, ವಚನ, ವಿಭಕ್ತಿ, ಕ್ರಿಯಾಪದಗಳು ಆಯಾ ಭಾಷೆಯ ನಿಯಮಕ್ಕೆ ಹೊಂದಿಕೊಂಡಿರುವುದು; ಇನ್ನೊಂದು ನಿಖರತೆ, ಎಂದರೆ ಹೇಳಬೇಕಾದ ಸಂಗತಿಗೆ ಹೆಚ್ಚೂ ಆಗದಂತೆ ಕಡಿಮೆಯೂ ಆಗದಂತೆ ಪದ ಒದಗಿಬರುವುದು. ಇವೆರಡನ್ನೂ ಒಂದೇ ಎಂದು ಭಾವಿಸಿದಲ್ಲೇ ಈ ವಿಷಯದ ಬಹುಪಾಲು ಗೊಂದಲ ಹುಟ್ಟಿದೆ.

ಭಾರತೀಯ ಪರಂಪರೆಗೆ ಈ ಪ್ರಶ್ನೆ ಹೊಸದಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದ ಆರಂಭದಲ್ಲಿಯೇ ವ್ಯಾಕರಣದಿಂದ ಪದ, ಪದದಿಂದ ಅರ್ಥ, ಅರ್ಥದಿಂದ ತತ್ತ್ವದರ್ಶನ, ಅದರಿಂದ ಮುಕ್ತಿ ಎಂಬ ಕ್ರಮವನ್ನು ನಿರೂಪಿಸಿ, ವ್ಯಾಕರಣಕ್ಕೆ ಮೋಕ್ಷವನ್ನೇ ಫಲವಾಗಿ ಹೇಳುತ್ತಾನೆ. ಅವನಿಗಿಂತ ಬಹಳ ಹಿಂದೆ ಪತಂಜಲಿ ‘ಮಹಾಭಾಷ್ಯ’ದ ಮೊದಲ ಆಹ್ನಿಕದಲ್ಲಿ, ಸಾಧುಶಬ್ದದಿಂದಲೂ ಅಪಶಬ್ದದಿಂದಲೂ ಅರ್ಥ ತಿಳಿಯುವುದು ಸಮಾನವೇ ಆದರೂ ಸಾಧುಶಬ್ದದ ಬಳಕೆಯಿಂದ ಮಾತ್ರ ಧರ್ಮವುಂಟಾಗುತ್ತದೆ ಎಂಬ ನಿಲುವನ್ನು ಚರ್ಚಿಸುತ್ತಾನೆ. ಅದೇ ಚರ್ಚೆಯಲ್ಲಿ ಆತ ‘ಯರ್ವಾಣ ತರ್ವಾಣ’ ಎಂದು ಹೆಸರಾದ ಋಷಿಗಳ ಮಾತನ್ನು ತರುತ್ತಾನೆ. ‘ಯದ್ವಾ ನಸ್ತದ್ವಾ ನಃ’ ಎನ್ನಬೇಕಾದಲ್ಲಿ ‘ಯರ್ವಾಣಸ್ತರ್ವಾಣಃ’ ಎನ್ನುತ್ತಿದ್ದ ಆ ಋಷಿಗಳು ಯಜ್ಞಕರ್ಮದಲ್ಲಿ ಮಾತ್ರ ಹಾಗೆ ನುಡಿಯುತ್ತಿರಲಿಲ್ಲವಾದ್ದರಿಂದ ಅವರಿಗೆ ದೋಷ ತಟ್ಟಲಿಲ್ಲ. ಶುದ್ಧಿಯ ಪಕ್ಷಪಾತಿಯಾದ ವೈಯಾಕರಣನೇ ಲೋಕವ್ಯವಹಾರದ ಮಾತಿಗೆ ಇಷ್ಟು ಸಡಿಲ ಬಿಟ್ಟಿರುವುದು ಗಮನಾರ್ಹ. ಹಾಗಾದರೆ ದಿನನಿತ್ಯದ ಮಾತೇ ಯಜ್ಞಕರ್ಮದಷ್ಟು ಪವಿತ್ರವೆಂದು ನಂಬಿದವರು ಏನು ಮಾಡಬೇಕು? ಇಂಗ್ಲಿಷ್ ಭಾಷೆಯ ಇತಿಹಾಸದಲ್ಲಿ ಅಂಥದ್ದೊಂದು ಸಮುದಾಯ ನಿಜವಾಗಿ ಇತ್ತು, ಮತ್ತು ಅದು ತನ್ನ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದ್ದು ಒಂದು ಸರ್ವನಾಮದ ಮೇಲೆ.

ಜಾರ್ಜ್ ಫಾಕ್ಸ್ (1624–1691) ಎಂಬ ಧರ್ಮಬೋಧಕನ ಸುತ್ತ ಹದಿನೇಳನೆಯ ಶತಮಾನದ ಮಧ್ಯಭಾಗದ ಇಂಗ್ಲೆಂಡಿನಲ್ಲಿ ರೂಪುಗೊಂಡ ಈ ಸಮುದಾಯದವರು ತಮ್ಮನ್ನು ‘ಸ್ನೇಹಿತರು’ ಎಂದು ಕರೆದುಕೊಂಡರು. ಲೋಕ ಅವರನ್ನು ‘ನಡುಗುವವರು’ ಎಂಬ ಅರ್ಥದ ಅಡ್ಡಹೆಸರಿನಿಂದ ಕ್ವೇಕರರೆಂದು ಕರೆಯಿತು. ಪ್ರತಿಯೊಬ್ಬ ಮನುಷ್ಯನೊಳಗೂ ದೇವರ ಬೆಳಕಿನ ಒಂದು ಅಂಶವಿದೆ, ಆದ್ದರಿಂದ ಮನುಷ್ಯರ ನಡುವೆ ಮೇಲುಕೀಳಿನ ಮರ್ಯಾದೆ ಸಲ್ಲದು ಎಂಬುದು ಅವರ ಮೂಲ ನಂಬಿಕೆ. ಇದರ ಜೊತೆಗೆ, ಹೌದೆಂಬುದು ಹೌದಾಗಿಯೂ ಅಲ್ಲವೆಂಬುದು ಅಲ್ಲವಾಗಿಯೂ ಇರಲಿ ಎಂದು ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಬರುವ ಬೋಧನೆಯನ್ನು ಅವರು ಅಕ್ಷರಶಃ ಪಾಲಿಸಲು ನಿಂತರು. ಆಣೆ ಇಡುವವನು ಆಣೆಯಿಲ್ಲದ ಹೊತ್ತಿನಲ್ಲಿ ತಾನು ಸುಳ್ಳು ಹೇಳಬಹುದೆಂದು ಒಪ್ಪಿಕೊಂಡಂತಾಗುತ್ತದೆಂದು ನ್ಯಾಯಾಲಯದಲ್ಲಿಯೂ ಪ್ರಮಾಣ ಮಾಡಲೊಲ್ಲದೆ ಸೆರೆಮನೆ ಸೇರಿದರು. ಅವರಲ್ಲಿನ ವ್ಯಾಪಾರಿಗಳು ಹೆಚ್ಚು ಬೆಲೆ ಹೇಳಿ ಚೌಕಾಸಿಯಲ್ಲಿ ಇಳಿಸುವ ಪದ್ಧತಿಯನ್ನು ಬಿಟ್ಟು, ಮಾರಲು ಸಿದ್ಧವಿರುವ ಬೆಲೆಯನ್ನು ಒಂದೇ ಸಲ ಹೇಳತೊಡಗಿದರು. ವಾರಗಳ ಹೆಸರಿನಲ್ಲಿ ಅನ್ಯದೇವತೆಗಳ ಹೆಸರುಗಳಿವೆಯೆಂದು ‘ಮೊದಲನೆಯ ದಿನ’, ‘ಎರಡನೆಯ ದಿನ’ ಎಂದು ಎಣಿಸಿ ಕರೆದರು.

ಇವೆಲ್ಲಕ್ಕಿಂತ ಹೆಚ್ಚು ರೋಷ ಎಬ್ಬಿಸಿದ್ದು ಅವರ ಏಕವಚನ. ಆ ಕಾಲದ ಇಂಗ್ಲಿಷಿನಲ್ಲಿ ಕನ್ನಡದ ‘ನೀನು’, ‘ನೀವು’ಗಳಂತೆಯೇ ‘ದೌ’ ಮತ್ತು ‘ಯೂ’ ಎಂಬ ಎರಡು ಮಧ್ಯಮಪುರುಷ ಸರ್ವನಾಮಗಳು ಬಳಕೆಯಲ್ಲಿದ್ದವು. ಮೂಲತಃ ದೌ ಒಬ್ಬರಿಗೆ, ಯೂ ಹಲವರಿಗೆ. ಆದರೆ ರೋಮನ್ ಸಾಮ್ರಾಟರನ್ನು ಬಹುವಚನದಲ್ಲಿ ಸಂಬೋಧಿಸುವ ಲ್ಯಾಟಿನ್ ವಾಡಿಕೆ ಫ್ರೆಂಚ್ ಮೂಲಕ ಇಳಿದುಬಂದು, ಹದಿಮೂರನೆಯ ಶತಮಾನದಿಂದೀಚೆಗೆ ಇಂಗ್ಲಿಷಿನಲ್ಲಿಯೂ ದೊಡ್ಡವರೊಬ್ಬರಿಗೆ ಯೂ ಎನ್ನುವ ರೂಢಿ ಬೆಳೆದಿತ್ತು. ಹದಿನೇಳನೆಯ ಶತಮಾನದ ಹೊತ್ತಿಗೆ ದೌ ಎಂಬುದು ದೇವರಿಗೆ, ಆಪ್ತರಿಗೆ, ಮಕ್ಕಳಿಗೆ, ಆಳುಗಳಿಗೆ ಮತ್ತು ಬೈಗುಳಕ್ಕೆ ಉಳಿದಿತ್ತು. 1603ರಲ್ಲಿ ಸರ್ ವಾಲ್ಟರ್ ರಾಲಿಯ ವಿಚಾರಣೆಯಲ್ಲಿ ಸರ್ಕಾರದ ವಕೀಲ ಎಡ್ವರ್ಡ್ ಕೋಕ್ ಆರೋಪಿಯನ್ನು ಹೀನಾಯಿಸಲು ಬೇಕೆಂದೇ ದೌ ಎಂದು ಕರೆದದ್ದು ಪ್ರಸಿದ್ಧವಾಗಿದೆ. ಇಂಥ ಸಮಾಜದಲ್ಲಿ ಕ್ವೇಕರರು ನ್ಯಾಯಾಧೀಶನಿಗೂ ಜಮೀನ್ದಾರನಿಗೂ ಹೆತ್ತ ತಂದೆಗೂ ದೌ ಎಂದರು. ಬಡವ ಬಲ್ಲಿದ, ದೊಡ್ಡವ ಚಿಕ್ಕವ ಎಂಬ ಭೇದವಿಲ್ಲದೆ ಎಲ್ಲರನ್ನೂ ಏಕವಚನದಲ್ಲಿ ಮಾತನಾಡಿಸಬೇಕೆಂಬುದು ದೇವರ ಅಪ್ಪಣೆಯೆಂದು ಫಾಕ್ಸ್ ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಮುಂದೆ ಕವಿ ಮಿಲ್ಟನ್‌ನಿಗೆ ಪುಸ್ತಕ ಓದಿಹೇಳುವವನಾದ ಥಾಮಸ್ ಎಲ್‌ವುಡ್ ಎಂಬ ತರುಣ, ತಂದೆಯ ಮುಂದೆ ಟೋಪಿ ತೆಗೆಯದೆ ನಿಂತದ್ದಕ್ಕೂ ಅವನನ್ನು ಏಕವಚನದಲ್ಲಿ ಮಾತನಾಡಿಸಿದ್ದಕ್ಕೂ ಹೊಡೆತ ಬೆದರಿಕೆಗಳನ್ನು ಅನುಭವಿಸಿದ ವೃತ್ತಾಂತವನ್ನು ಆತ್ಮಕಥೆಯಲ್ಲಿ ವಿವರವಾಗಿ ಹೇಳುತ್ತಾನೆ. ಪೆನ್ಸಿಲ್ವೇನಿಯಾವನ್ನು ಸ್ಥಾಪಿಸಿದ ವಿಲಿಯಂ ಪೆನ್‌ನ ತಂದೆ ನೌಕಾಪಡೆಯ ಅಡ್ಮಿರಲ್. ದೊರೆ, ದೊರೆಯ ತಮ್ಮನಾದ ಯಾರ್ಕಿನ ಡ್ಯೂಕ್ ಮತ್ತು ತಾನು, ಈ ಮೂವರನ್ನು ಬಿಟ್ಟು ಯಾರಿಗೆ ಬೇಕಾದರೂ ಏಕವಚನ ಬಳಸಿಕೊಳ್ಳಲಿ ಎಂದು ಆತ ಮಗನ ಮುಂದೆ ರಾಜಿಯ ಮಾತಿಟ್ಟನೆಂದು ಹಳೆಯ ವೃತ್ತಾಂತವೊಂದು ತಿಳಿಸುತ್ತದೆ. ಮಗ ಆ ವಿನಾಯಿತಿಯನ್ನೂ ಒಪ್ಪಲಿಲ್ಲ.

ಈ ಹಟಕ್ಕೆ ಕ್ವೇಕರರು ಕೊಟ್ಟ ಸಮರ್ಥನೆ ಕೇವಲ ಸಮಾನತೆಯದಾಗಿರಲಿಲ್ಲ. ಅದು ವ್ಯಾಕರಣದ್ದೂ ಆಗಿತ್ತು. 1660ರಲ್ಲಿ ಫಾಕ್ಸ್, ಜಾನ್ ಸ್ಟಬ್ಸ್ ಮತ್ತು ಬೆಂಜಮಿನ್ ಫರ್ಲಿ ಸೇರಿ ‘ಬ್ಯಾಟಲ್‌ಡೋರ್’ ಎಂಬ ಹೆಸರಿನಿಂದ ಆರಂಭವಾಗುವ ದೊಡ್ಡ ಪುಸ್ತಕವೊಂದನ್ನು ಪ್ರಕಟಿಸಿದರು. ಬ್ಯಾಟಲ್‌ಡೋರ್ ಎಂದರೆ ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸಲು ಬಳಸುತ್ತಿದ್ದ ಹಿಡಿಯುಳ್ಳ ಹಲಗೆ. ಪುಸ್ತಕದ ಹಲವು ಪುಟಗಳನ್ನು ಆ ಹಲಗೆಯ ಆಕಾರದ ಚೌಕಟ್ಟಿನಲ್ಲಿಯೇ ಅಚ್ಚುಮಾಡಿ, ಏಕವಚನ ಬಹುವಚನಗಳ ಭೇದ ತಿಳಿಯದ ವಿದ್ವಾಂಸರು ಮತ್ತೆ ಅಕ್ಷರಾಭ್ಯಾಸದಿಂದ ಆರಂಭಿಸಲಿ ಎಂಬುದನ್ನು ಮುದ್ರಣದಲ್ಲಿಯೇ ಸೂಚಿಸಲಾಗಿತ್ತು. ಲ್ಯಾಟಿನ್, ಹೀಬ್ರೂ, ಗ್ರೀಕ್, ಅರಬ್ಬಿ, ಪಾರಸಿ, ಅರ್ಮೇನಿಯನ್, ವೆಲ್ಷ್ ಮೊದಲಾದ ಅನೇಕ ಭಾಷೆಗಳಿಂದ ಉದಾಹರಣೆ ತೆಗೆದು, ಒಬ್ಬನಿಗೆ ಏಕವಚನ ಹಲವರಿಗೆ ಬಹುವಚನ ಎಂಬುದು ಸಕಲ ಜನಾಂಗಗಳ ಸಹಜ ನಿಯಮವೆಂದೂ, ಒಬ್ಬನಿಗೆ ಬಹುವಚನ ಬಳಸುವುದು ಪೋಪನಿಂದ ಬಂದ ಕೆಡುಕೆಂದೂ ಲೇಖಕರು ವಾದಿಸಿದರು. ಒಬ್ಬನಾಗಿರುವವನನ್ನು ಹಲವರೆನ್ನುವುದು ಸುಳ್ಳು, ಆ ಸುಳ್ಳಿನಿಂದ ಅವನ ಅಹಂಕಾರ ಬೆಳೆಯುತ್ತದೆ, ದೇವರನ್ನೇ ದೌ ಎನ್ನುವ ಬಾಯಿ ಮನುಷ್ಯನಿಗೆ ಅದಕ್ಕಿಂತ ಹೆಚ್ಚಿನ ಮರ್ಯಾದೆ ಕೊಡುವುದು ಧರ್ಮದ್ರೋಹ, ಎಂಬುದು ಅವರ ತರ್ಕದ ಸಾರಾಂಶ.

ಈ ತರ್ಕವನ್ನು ತೂಗಿ ನೋಡಲು ಕನ್ನಡದ ಓದುಗರಿಗೆ ವಿಶೇಷ ಅನುಕೂಲವಿದೆ. ‘ತಂದೆಯವರು ಬಂದರು’ ಎನ್ನುವ ಕನ್ನಡಿಗನು ಒಬ್ಬ ತಂದೆಯನ್ನು ಹಲವರೆಂದು ಹೇಳುತ್ತಿಲ್ಲ; ಕೇಳಿದವರಾರೂ ಹಾಗೆ ತಿಳಿಯುವುದೂ ಇಲ್ಲ. ಪದದ ವಚನ ಬೇರೆ, ವಸ್ತುವಿನ ಸಂಖ್ಯೆ ಬೇರೆ. ಮೊದಲನೆಯದು ಭಾಷೆಯೊಳಗಿನ ರೂಪ, ಎರಡನೆಯದು ಭಾಷೆಯ ಹೊರಗಿನ ಸಂಗತಿ, ಮತ್ತು ಇವೆರಡರ ನಡುವಿನ ಸಂಬಂಧವನ್ನು ರೂಢಿ ನಿಶ್ಚಯಿಸುತ್ತದೆ. ಯಾರೊಬ್ಬರೂ ಮೋಸಹೋಗದ ಕಡೆ ಸುಳ್ಳಿನ ಮಾತೇ ಏಳುವುದಿಲ್ಲವಾದ್ದರಿಂದ, ವ್ಯಾಕರಣದ ಮಟ್ಟದಲ್ಲಿ ಕ್ವೇಕರರ ವಾದ ನಿಲ್ಲುವುದಿಲ್ಲ. ಆದರೆ ಅದರ ಕೆಳಗಿದ್ದ ಕಾಣ್ಕೆ ಸುಳ್ಳಲ್ಲ. ಕನ್ನಡ ನಾಡಿನಲ್ಲಿ ವಯಸ್ಸಾದ ದುಡಿಮೆಗಾರನನ್ನು ಅವನ ಜಾತಿಯ ಕಾರಣಕ್ಕೆ ಹುಡುಗನೊಬ್ಬ ‘ನೀನು’ ಎಂದು ಕರೆಯುತ್ತಿದ್ದ ಕಾಲ ಬಹಳ ದೂರ ಹೋಗಿಲ್ಲ, ಪೂರ್ತಿಯಾಗಿ ಮುಗಿದೂ ಇಲ್ಲ. ಒಂದು ಸರ್ವನಾಮ ಮನುಷ್ಯನ ಬೆನ್ನನ್ನು ಬಾಗಿಸಬಲ್ಲದೆಂಬುದನ್ನು ಇಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ದೇವರನ್ನು ‘ನೀನು’ ಎನ್ನುವ ಭಕ್ತಿಯ ಸಲುಗೆಯೂ ವಚನಕಾರರಿಂದ ದಾಸರವರೆಗೆ ಕನ್ನಡಕ್ಕೆ ಪರಿಚಿತವೇ. ಸಂಬೋಧನೆ ಎಂಬುದು ಎದುರಿನ ವ್ಯಕ್ತಿಯ ಬೆಲೆ ಕಟ್ಟುವ ಕ್ರಿಯೆ, ಆದ್ದರಿಂದ ಅದು ನೀತಿಯ ವ್ಯಾಪ್ತಿಗೆ ಸೇರುತ್ತದೆ ಎಂದು ಕ್ವೇಕರರು ಕಂಡದ್ದು ಸರಿಯಾಗಿತ್ತು. ಆ ನೀತಿಯನ್ನು ವಚನದ ನಿಯಮದಲ್ಲಿ ಶಾಶ್ವತವಾಗಿ ಬರೆದಿಡಲಾಗಿದೆ ಎಂದು ಅವರು ನಂಬಿದ್ದು ತಪ್ಪಾಗಿತ್ತು.

ಈ ಭೇದವನ್ನು ತತ್ತ್ವಶಾಸ್ತ್ರದ ಭಾಷೆಯಲ್ಲಿ ಸ್ಪಷ್ಟಗೊಳಿಸಿದವನು ಜಾನ್ ಲಾಕ್. ರಾಜಕೀಯ ಕಾರಣಗಳಿಂದ ಹಾಲೆಂಡಿನಲ್ಲಿ ಆಶ್ರಯ ಪಡೆದಿದ್ದ ಲಾಕ್ 1687ರಿಂದ 1689ರವರೆಗೆ ರಾಟರ್‌ಡ್ಯಾಮ್ ನಗರದಲ್ಲಿ ಉಳಿದುಕೊಂಡದ್ದು, ಬ್ಯಾಟಲ್‌ಡೋರ್ ಪುಸ್ತಕದ ಕರ್ತೃಗಳಲ್ಲೊಬ್ಬನಾದ ಅದೇ ಬೆಂಜಮಿನ್ ಫರ್ಲಿಯ ಮನೆಯಲ್ಲಿ. ಅದರ ಬೆನ್ನಿಗೇ ಬೆಳಕು ಕಂಡ ಲಾಕ್‌ನ ‘ಮಾನವ ಗ್ರಹಿಕೆಯನ್ನು ಕುರಿತ ಪ್ರಬಂಧ’ದ ಮೂರನೆಯ ಭಾಗ ಸಂಪೂರ್ಣವಾಗಿ ಪದಗಳಿಗೆ ಮೀಸಲು. ಪದಕ್ಕೂ ಅರ್ಥಕ್ಕೂ ಸಹಜವಾದ ನಂಟಿಲ್ಲ, ಮನುಷ್ಯರು ತಾವಾಗಿ ಒಪ್ಪಿ ಹಚ್ಚಿದ ಗುರುತುಗಳೇ ಪದಗಳು ಎಂಬುದು ಅಲ್ಲಿನ ನೆಲೆಗಟ್ಟು. ಈ ಒಪ್ಪಂದವಾದದಿಂದ ಪದಗಳನ್ನು ಹೇಗೆ ಬೇಕಾದರೂ ಬಳಸಬಹುದೆಂಬ ತೀರ್ಮಾನ ಹೊರಡುತ್ತದೆಂದು ಕೆಲವರು ಭಾವಿಸುವುದುಂಟು. ಲಾಕ್ ತೆಗೆದದ್ದು ಅದಕ್ಕೆ ತೀರ ವಿರುದ್ಧವಾದ ತೀರ್ಮಾನವನ್ನು. ಪದ ಒಪ್ಪಂದದಿಂದ ಬಾಳುವುದರಿಂದಲೇ ಒಪ್ಪಂದ ಮುರಿಯುವುದು ದ್ರೋಹವಾಗುತ್ತದೆ. ಒಂದೇ ಬರಹದಲ್ಲಿ ಒಂದೇ ಪದವನ್ನು ಒಮ್ಮೆ ಒಂದು ಅರ್ಥದಲ್ಲಿ, ಮತ್ತೊಮ್ಮೆ ಇನ್ನೊಂದರಲ್ಲಿ ಬಳಸುವವನನ್ನು ಆತ, ಲೆಕ್ಕ ಒಪ್ಪಿಸುವಾಗ ಮೂರು ಎಂಬ ಅಂಕಿಯನ್ನು ಕೆಲವೊಮ್ಮೆ ನಾಲ್ಕಕ್ಕೂ ಕೆಲವೊಮ್ಮೆ ಎಂಟಕ್ಕೂ ಬಳಸುವವನಿಗೆ ಹೋಲಿಸುತ್ತಾನೆ. ಪದಗಳ ಬಳಕೆಯಲ್ಲಿ ಲೌಕಿಕ ಮತ್ತು ತಾತ್ತ್ವಿಕ ಎಂಬ ಎರಡು ಬಗೆಗಳನ್ನು ಗುರುತಿಸಿ, ಸಂತೆಯಲ್ಲೂ ಮನೆಯಲ್ಲೂ ಮೊದಲನೆಯದರ ಸಡಿಲತೆ ಸಾಕು, ಸತ್ಯಶೋಧನೆಗೆ ಎರಡನೆಯದರ ಬಿಗಿ ಬೇಕು ಎನ್ನುವಲ್ಲಿ ಲಾಕ್ ತನಗೆ ಅರಿವಿಲ್ಲದೆಯೇ ಪತಂಜಲಿಯ ಯಜ್ಞ ಮತ್ತು ಲೋಕಗಳ ಭೇದದ ಹತ್ತಿರ ಬಂದು ನಿಲ್ಲುತ್ತಾನೆ.

ಕ್ವೇಕರರ ಏಕವಚನದ ಮುಂದಿನ ಚರಿತ್ರೆ ಲಾಕ್‌ನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ದೇಶದ ಉಳಿದ ಜನ ಕ್ರಮೇಣ ದೌ ಎಂಬುದನ್ನೇ ಕೈಬಿಟ್ಟು ಎಲ್ಲರಿಗೂ ಯೂ ಎನ್ನತೊಡಗಿದರು. ಎಲ್ಲರಿಗೂ ಏಕವಚನ ಕೊಟ್ಟು ಸಮಾನತೆ ತರಬೇಕೆಂದು ಕ್ವೇಕರರು ಹೊರಟಿದ್ದರೆ, ಇಂಗ್ಲಿಷ್ ಭಾಷೆ ಎಲ್ಲರಿಗೂ ಬಹುವಚನ ಕೊಟ್ಟು ಸಂಬೋಧನೆಯ ಮೇಲುಕೀಳನ್ನು ಅಳಿಸಿತು. ಇತ್ತ ಕ್ವೇಕರರ ಬಾಯಲ್ಲಿ ದೌ ಎಂಬ ಪ್ರಥಮಾ ವಿಭಕ್ತಿಯ ರೂಪವೇ ಸವೆದುಹೋಗಿ, ಅದರ ಜಾಗದಲ್ಲಿ ‘ದೀ’ ಎಂಬ ದ್ವಿತೀಯಾ ರೂಪ ಬಂತು; ಕ್ರಿಯಾಪದವೂ ಮಧ್ಯಮಪುರುಷವನ್ನು ಬಿಟ್ಟು ಅನ್ಯಪುರುಷಕ್ಕೆ ಹೊರಳಿ ‘ದೀ ಈಸ್’ ಎಂಬ ಪ್ರಯೋಗ ಹುಟ್ಟಿತು. ಕನ್ನಡದಲ್ಲಿ ‘ನೀನು ಬರುತ್ತೀಯೆ’ ಎನ್ನಬೇಕಾದಲ್ಲಿ ‘ನಿನ್ನನ್ನು ಬರುತ್ತಾನೆ’ ಎಂದಂತಾಗುವ ಈ ಮಾತನ್ನು ವ್ಯಾಕರಣಶುದ್ಧಿಯ ಹೆಸರಿನಲ್ಲಿ ಹೋರಾಡಿದವರ ಮೊಮ್ಮಕ್ಕಳು ತಮ್ಮ ಧರ್ಮದ ಗುರುತಾಗಿ ಕಾಪಾಡಿಕೊಂಡರು. ಇದನ್ನು ಅಧಃಪತನವೆನ್ನಲೂ ಆಗದು, ಏಕೆಂದರೆ ‘ಯೂ’ ಎಂಬುದು ಕೂಡ ಮೂಲದಲ್ಲಿ ದ್ವಿತೀಯಾ ರೂಪವೇ ಆಗಿದ್ದು ‘ಯೀ’ ಎಂಬ ಪ್ರಥಮಾ ರೂಪವನ್ನು ಹೊರದೂಡಿ ಬಂದದ್ದು. ಬೇಸರ ತರುವ ಸಂಗತಿ ಬೇರೆಯದು: ಎದುರಿನವನ ಮುಖಕ್ಕೆ ಸತ್ಯ ಹೇಳಲೆಂದು ಆರಿಸಿಕೊಂಡ ಪದ ಕೊನೆಗೆ ಒಳಗಿನವರು ಯಾರು, ಹೊರಗಿನವರು ಯಾರು ಎಂದು ತೋರಿಸುವ ಲಾಂಛನವಾಗಿ ಉಳಿಯಿತು.

ಹದಿನೆಂಟನೆಯ ಶತಮಾನದಲ್ಲಿ ಇಂಗ್ಲಿಷ್ ಜನ ಏಕವಚನವನ್ನು ಉಳಿಸಿಕೊಳ್ಳಲು ಇನ್ನೊಂದು ದಾರಿ ಹಿಡಿದಿದ್ದರು. ಒಬ್ಬರಿಗೆ ‘ಯೂ ವಾಸ್’, ಹಲವರಿಗೆ ‘ಯೂ ವರ್’ ಎನ್ನುವುದು ವಿದ್ಯಾವಂತರ ಪತ್ರಗಳಲ್ಲಿಯೂ ಸಾಮಾನ್ಯವಾಗಿತ್ತು. ಅರ್ಥದ ದೃಷ್ಟಿಯಿಂದ ಇದು ಉಪಯುಕ್ತ ಭೇದ. ಆದರೆ ಮುಂದೆ ಲಂಡನ್ನಿನ ಬಿಷಪ್ ಆದ ರಾಬರ್ಟ್ ಲೌತ್ 1762ರಲ್ಲಿ ಪ್ರಕಟಿಸಿದ ವ್ಯಾಕರಣದಲ್ಲಿ ಅದನ್ನು ಘೋರ ಅಪಪ್ರಯೋಗವೆಂದು ಖಂಡಿಸಿದನು, ಮತ್ತು ಆ ರೂಪ ಮರ್ಯಾದಸ್ಥರ ಬರವಣಿಗೆಯಿಂದ ಮಾಯವಾಯಿತು. ಶುದ್ಧಿ ಗೆದ್ದು ನಿಖರತೆ ಸೋತ ನಿದರ್ಶನವಿದು. ಲಿಂಗ ಗೊತ್ತಿಲ್ಲದ ಅಥವಾ ಗುರುತಿಸಬಾರದ ಒಬ್ಬ ವ್ಯಕ್ತಿಗೆ ಇಂಗ್ಲಿಷಿನಲ್ಲಿ ‘ದೇ’ ಎಂಬ ಬಹುವಚನ ಬಳಸುವುದರ ಬಗ್ಗೆ ಇಂದು ನಡೆದಿರುವ ವಾದದಲ್ಲಿ, ಒಬ್ಬನಿಗೆ ಬಹುವಚನ ಸಲ್ಲದೆಂದು ಆಕ್ಷೇಪಿಸುವವರು ಫಾಕ್ಸ್‌ನ ತರ್ಕವನ್ನೇ ಮತ್ತೆ ಹೇಳುತ್ತಿದ್ದಾರೆ, ಅದೂ ಒಬ್ಬನಿಗೆ ‘ಯೂ’ ಎನ್ನುತ್ತ.

ಇಂಗ್ಲಿಷ್ ವ್ಯಾಕರಣವನ್ನು ಶಾಲೆಯ ಪಾಠವಾಗಿಸಿ ಲೋಕದ ಮೂಲೆಮೂಲೆಗೆ ಮುಟ್ಟಿಸಿದವನು ಕೂಡ ಒಬ್ಬ ಕ್ವೇಕರನೇ. ಪೆನ್ಸಿಲ್ವೇನಿಯಾದಲ್ಲಿ 1745ರಲ್ಲಿ ಹುಟ್ಟಿ, ನ್ಯೂಯಾರ್ಕಿನಲ್ಲಿ ವಕೀಲನೂ ವರ್ತಕನೂ ಆಗಿದ್ದು, ಬಳಿಕ ಇಂಗ್ಲೆಂಡಿನ ಯಾರ್ಕ್ ಬಳಿ ನೆಲೆಸಿದ ಲಿಂಡ್ಲಿ ಮರ್ರೆ, ಆ ಊರಿನ ಕ್ವೇಕರ್ ಹೆಣ್ಣುಮಕ್ಕಳ ಶಾಲೆಗಾಗಿ 1795ರಲ್ಲಿ ವ್ಯಾಕರಣವೊಂದನ್ನು ಬರೆದನು. ಅದು ಹತ್ತೊಂಬತ್ತನೆಯ ಶತಮಾನದ ಅತ್ಯಂತ ಜನಪ್ರಿಯ ಪಠ್ಯಗಳಲ್ಲಿ ಒಂದಾಯಿತು. ಅದರ ಅನುಬಂಧದಲ್ಲಿ ಎಡಿನ್‌ಬರೋದ ಪಾದ್ರಿ ಹ್ಯೂ ಬ್ಲೇರ್‌ನನ್ನು ಅನುಸರಿಸಿ ಮರ್ರೆ ವಿವರಿಸುವ ಮೂರು ಗುಣಗಳು ಈಗಲೂ ಪ್ರಯೋಜನಕರ: ಪದ ಆ ಭಾಷೆಯದೇ ಆಗಿರಬೇಕು, ರೂಢಿ ಅದಕ್ಕೆ ಕೊಟ್ಟ ಅರ್ಥದಲ್ಲಿಯೇ ಬರಬೇಕು, ಭಾವಕ್ಕೆ ಬೇಕಾದುದಕ್ಕಿಂತ ಹೆಚ್ಚನ್ನು ಹೊತ್ತು ತರಬಾರದು. ಮೂರನೆಯದೇ ಇಲ್ಲಿ ನಿಖರತೆ ಎಂದು ಕರೆದಿರುವ ಗುಣ. ಆದರೆ ಶಾಲೆಗಳಲ್ಲಿ ಬೇರೂರಿದ್ದು ಅನುಬಂಧವಲ್ಲ, ತಪ್ಪು ವಾಕ್ಯಗಳನ್ನು ತಿದ್ದುವ ಅಭ್ಯಾಸ. ಸುಶಿಕ್ಷಿತನೆಂದರೆ ಶುದ್ಧವಾಗಿ ಬರೆಯುವವನು, ಶುದ್ಧವಾಗಿ ಬರೆಯುವವನೆಂದರೆ ಸಜ್ಜನ ಎಂಬ ಸಮೀಕರಣ ಇಂಗ್ಲೆಂಡಿನಲ್ಲಿ ಬಲಿತು, ಇಂಗ್ಲಿಷ್ ಶಿಕ್ಷಣದೊಡನೆ ಭಾರತಕ್ಕೂ ಬಂದಿತು. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಅರ್ಜಿ ಬರೆಯುವ ಹಳ್ಳಿಯ ಪದವೀಧರೆಯೊಬ್ಬಳು ಒಂದು ಉಪಪದ ಬಿಟ್ಟರೆ ಅವಳ ಬುದ್ಧಿಯನ್ನೇ ಅಳೆಯುವ ಮನೋಭಾವಕ್ಕೆ ಯಾವ ಧರ್ಮದ ಬೆಂಬಲವೂ ಇಲ್ಲ. ಅವಳ ವಾಕ್ಯ ಅರ್ಥವಾಗುತ್ತದೆ, ಯಾರಿಗೂ ಮೋಸ ಮಾಡುವುದಿಲ್ಲ. ಅವಳಿಗೆ ಬರುವ ಉತ್ತರ ಹಾಗಿರಬೇಕೆಂದಿಲ್ಲ: ‘ವಿಳಂಬ ಸಂಭವಿಸಿದೆ, ವಿಷಾದಿಸಲಾಗಿದೆ’ ಎಂಬ ಅರ್ಥದ, ವ್ಯಾಕರಣದಲ್ಲಿ ಒಂದಿಷ್ಟೂ ಲೋಪವಿಲ್ಲದ ವಾಕ್ಯದಲ್ಲಿ ವಿಳಂಬ ಮಾಡಿದವರು ಯಾರೆಂಬುದು ನಯವಾಗಿ ಕಾಣೆಯಾಗಿರುತ್ತದೆ. ಸತ್ಯದ ದೃಷ್ಟಿಯಿಂದ ತಿದ್ದಬೇಕಾದದ್ದು ಎರಡನೆಯ ವಾಕ್ಯವನ್ನು.

ಹಾಗೆಂದು ಶುದ್ಧಿಯನ್ನು ಕೇವಲ ಅಲಂಕಾರವೆಂದು ಬಿಟ್ಟುಬಿಡುವುದೂ ಸಾಧ್ಯವಿಲ್ಲ; ಅದು ನಿಖರತೆಯ ಸೇವೆಗೆ ನಿಂತಾಗ ನ್ಯಾಯವೇ ಅದರ ಮೇಲೆ ಆಧರಿಸಿರುತ್ತದೆ. ಅಮೆರಿಕದ ಮೇಯ್ನ್ ರಾಜ್ಯದ ಕಾನೂನು ವಾರಕ್ಕೆ ನಲವತ್ತು ಗಂಟೆ ಮೀರಿದ ದುಡಿಮೆಗೆ ಒಂದೂವರೆಪಟ್ಟು ಕೂಲಿ ವಿಧಿಸಿ, ಬೇಗ ಕೆಡುವ ಆಹಾರಪದಾರ್ಥಗಳ ಸಂಸ್ಕರಣೆ, ಸಂಗ್ರಹ ಮೊದಲಾದ ಕೆಲಸಗಳಿಗೆ ಇದರಿಂದ ವಿನಾಯಿತಿ ಕೊಟ್ಟಿತ್ತು. ಆ ಪಟ್ಟಿಯ ಕೊನೆಯ ಮಾತು ‘ಸಾಗಣೆಗಾಗಿ ಪ್ಯಾಕ್ ಮಾಡುವುದು, ಅಥವಾ ವಿತರಣೆ’ ಎಂದೂ ಓದಬಹುದಾಗಿತ್ತು, ‘ಸಾಗಣೆಗಾಗಿ ಅಥವಾ ವಿತರಣೆಗಾಗಿ ಪ್ಯಾಕ್ ಮಾಡುವುದು’ ಎಂದೂ ಓದಬಹುದಾಗಿತ್ತು. ಇಂಗ್ಲಿಷಿನಲ್ಲಿ ಇವೆರಡನ್ನೂ ಬೇರ್ಪಡಿಸಬೇಕಾದ ಅಲ್ಪವಿರಾಮ ಅಲ್ಲಿರಲಿಲ್ಲ. ಓಕ್‌ಹರ್ಸ್ಟ್ ಡೈರಿಯ ವಾಹನ ಚಾಲಕರು ಹಾಲನ್ನು ವಿತರಿಸುತ್ತಿದ್ದರೇ ಹೊರತು ಪ್ಯಾಕ್ ಮಾಡುತ್ತಿರಲಿಲ್ಲ. ಆದ್ದರಿಂದ ಅವರ ಹೆಚ್ಚುವರಿ ಕೂಲಿಯೆಲ್ಲ ಆ ಒಂದು ಚಿಹ್ನೆಯ ಮೇಲೆ ನಿಂತಿತು. ಪಟ್ಟಿಯ ಕೊನೆಯ ಪದಕ್ಕೆ ಮುನ್ನ ಅಲ್ಪವಿರಾಮ ಹಾಕಬಾರದೆಂದು ರಾಜ್ಯದ ಕರಡು ರಚನೆಯ ಕೈಪಿಡಿಯೇ ಹೇಳುತ್ತದೆಂದು ಡೈರಿ ವಾದಿಸಿತು. ಪಟ್ಟಿಯ ಉಳಿದ ಕೆಲಸಗಳೆಲ್ಲ ಕ್ರಿಯಾರೂಪದಲ್ಲಿದ್ದು ‘ವಿತರಣೆ’ ಮಾತ್ರ ‘ಸಾಗಣೆ’ಯಂತೆ ನಾಮಪದವಾಗಿರುವುದರಿಂದ ಅವೆರಡೂ ಒಂದು ಜೋಡಿ ಎಂದು ಚಾಲಕರ ಕಡೆಯವರು ವಾದಿಸಿದರು. ವಾಕ್ಯ ಸಂದಿಗ್ಧವಾಗಿದೆ, ಸಂದಿಗ್ಧವಾದ ಕೂಲಿಕಾನೂನನ್ನು ದುಡಿಯುವವರ ಪರವಾಗಿ ಅರ್ಥೈಸಬೇಕು ಎಂದು ಮೇಲ್ಮನವಿ ನ್ಯಾಯಾಲಯ 2017ರ ಮಾರ್ಚ್‌ನಲ್ಲಿ ತೀರ್ಪಿತ್ತಿತು. ಮರುವರ್ಷ ಐವತ್ತು ಲಕ್ಷ ಡಾಲರುಗಳಿಗೆ ವ್ಯಾಜ್ಯ ರಾಜಿಯಾಯಿತು. ಶೈಲಿಯ ಕೈಪಿಡಿಗೆ ವಿಧೇಯವಾಗಿದ್ದೂ ಓದುಗನಿಗೆ ವಿಧೇಯವಾಗಿರದ ವಾಕ್ಯವೊಂದರ ಕಥೆಯಿದು. ಶಾಸನಸಭೆ ತೀರ್ಪಿನ ನಂತರ ಅದೇ ಪಟ್ಟಿಯನ್ನು ಅರ್ಧವಿರಾಮಗಳಿಂದ ಬಿಡಿಸಿ, ವಿತರಣೆಯನ್ನೂ ಕ್ರಿಯಾರೂಪಕ್ಕೆ ತಂದು, ಹೊಸದಾಗಿ ಬರೆಯಿತು.

ಕ್ವೇಕರರು ಯಾವುದನ್ನು ಬಿಟ್ಟರು, ಯಾವುದನ್ನು ಉಳಿಸಿಕೊಂಡರು ಎಂಬುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಇಪ್ಪತ್ತನೆಯ ಶತಮಾನ ಮುಗಿಯುವುದರೊಳಗೆ ಅವರಲ್ಲಿ ಬಹುತೇಕರು ದೀ ಎನ್ನುವುದನ್ನು ನಿಲ್ಲಿಸಿದರು, ಆಣೆ ಇಡದಿರುವುದನ್ನು ನಿಲ್ಲಿಸಲಿಲ್ಲ. 1696ರ ಕಾಯಿದೆ ಅವರಿಗೆ ಪ್ರಮಾಣದ ಬದಲು ದೃಢೀಕರಣದ ಮಾತು ಹೇಳಲು ಅವಕಾಶ ಕೊಟ್ಟಾಗ ಆ ಒಕ್ಕಣೆಯಲ್ಲಿ ಸರ್ವಶಕ್ತನಾದ ದೇವರ ಸನ್ನಿಧಿಯಲ್ಲಿ ಎಂಬ ಅರ್ಥದ ಪದಗಳಿದ್ದವು; ಇದು ವೇಷ ಮರೆಸಿಕೊಂಡ ಆಣೆಯೇ ಎಂದು ಅವರಲ್ಲಿ ಕೆಲವರು ಒಪ್ಪದೆ ಕಷ್ಟ ಅನುಭವಿಸಿದರು, ಮತ್ತು ಆ ಪದಗಳಿಲ್ಲದ ಸರಳ ಒಕ್ಕಣೆ ದೊರೆತದ್ದು 1722ರಲ್ಲಿ. ಏಕವಚನದ ವ್ರತದಲ್ಲಿ ಪದದ ರೂಪ ಸತ್ಯವೆನಿಸಿಕೊಂಡಿತ್ತು. ಇಲ್ಲಿ ಹೇಳುವವನು ಯಾವುದಕ್ಕೆ ಹೊಣೆಯಾಗುತ್ತಾನೋ ಅಷ್ಟನ್ನೇ ಹೇಳಬೇಕೆಂಬುದು ಸತ್ಯವಾಗಿತ್ತು. ಭಾರತ ಸಂವಿಧಾನದ ಮೂರನೆಯ ಅನುಸೂಚಿಯಲ್ಲಿ ಮಂತ್ರಿಗಳಿಗೂ ಶಾಸಕರಿಗೂ ನ್ಯಾಯಾಧೀಶರಿಗೂ ಕೊಟ್ಟಿರುವ ಒಕ್ಕಣೆಗಳಲ್ಲಿ ದೇವರ ಹೆಸರಿನಲ್ಲಿ ಪ್ರಮಾಣ ಮಾಡುವುದು ಮತ್ತು ದೇವರ ಹೆಸರಿಲ್ಲದೆ ದೃಢೀಕರಿಸುವುದು ಎಂಬ ಎರಡು ಆಯ್ಕೆಗಳು ಒಂದರ ಮೇಲೊಂದು ಅಚ್ಚಾಗಿವೆ. ಎರಡನೆಯ ಸಾಲನ್ನು ಆರಿಸಿಕೊಳ್ಳುವ ಯಾರೇ ಆಗಲಿ, ಮನಸ್ಸಿನಲ್ಲಿಲ್ಲದ ಮಾತನ್ನು ಬಾಯಲ್ಲಿ ಆಡಲೊಲ್ಲದೆ ಸೆರೆಮನೆಗೆ ಹೋದ ಆ ಜನ ಗಳಿಸಿಕೊಟ್ಟ ಹಕ್ಕನ್ನು ಬಳಸುತ್ತಿದ್ದಾರೆ.